ಮೊಟ್ಟೆ ಲಾರಿ

ಇಂಡುವಾಳು ದಾಟಿ, ನಾಲೆ ಸೇತುವೆಗೆ ಇನ್ನೊಂದು ಕೂಗಳತೆ,
ನಾಮಕ್ಕಲ್ಲಿನ ಮೊಟ್ಟೆ ಲಾರಿ ಅಡ್ಡ ನಿಂತಿತ್ತು.
ನೀರು ಬಿಡಬಾರದೆಂದು ಊರೆಲ್ಲ ರಸ್ತೆಯಲ್ಲಿ.
ನಾಲೆಯ ನೀರು ಯಾರ ಪರವೂ ಅಲ್ಲದೆ
ತನ್ನ ಪಾಡಿಗೆ ಹೋಗುತ್ತಿತ್ತು.

ಮೊದಲು ಬರೀ ಮೊಟ್ಟೆ ಎಸೆದರು.
ಅಲ್ಲಿವರೆಗೆ ನಗುವಿತ್ತು, ನಾನೂ ನಕ್ಕೆ.
ಕಾದ ಟಾರಿನ ಮೇಲೆ ಲೋಳೆ ಬೆಳ್ಳಗಾಗುತ್ತ
ಭಾನುವಾರದ ಅಡುಗೆಮನೆಯ ವಾಸನೆ.
ಆಮೇಲೆ ಯಾರೋ ಬಾಗಿಲು ತೆಗೆದು
ಡ್ರೈವರನ್ನು ಇಳಿಸಿದರು.

ಕಪ್ಪುಬಿಳುಪು ರೋಲಿನಲ್ಲಿ ಹದಿನಾಲ್ಕು ಉಳಿದಿತ್ತು.
ಮೂರನ್ನು ಸಂಜೆಯ ಶಾಂತಿಸಭೆಗೆಂದು ಎತ್ತಿಟ್ಟುಕೊಂಡೆ;
ಅಂಥ ಹೊತ್ತಿನಲ್ಲೂ ಅಷ್ಟು ಜಿಪುಣತನ ಬರುತ್ತದೆ ಕೈಗೆ.

ಹನ್ನೊಂದು ಸಲ ಒತ್ತಿದೆ.
ಒಂದೊಂದೂ ಸೆಕೆಂಡಿನ ಇನ್ನೂರೈವತ್ತರಲ್ಲಿ ಒಂದು ಪಾಲು.
ಎಲ್ಲ ಕೂಡಿದರೂ ಒಂದು ಸಲ ಎವೆ ಮುಚ್ಚುವಷ್ಟಿಲ್ಲ.
ಅಲ್ಲಿ ನಿಂತದ್ದು ನಾಲ್ಕು ನಿಮಿಷ.
ಎವೆಯಷ್ಟು ಹೊತ್ತು ಕೆಲಸ ಮಾಡಿದೆ ಅನ್ನೋಣ,
ಮಿಕ್ಕದ್ದು?
ಮಿಕ್ಕದ್ದರಲ್ಲಿ ರೋಲು ತಿರುಗಿಸಿದೆ, ಬೆವರು ಒರೆಸಿಕೊಂಡೆ,
ಬಿಸಿಲು ಎದುರಿಗೆ ಹೊಡೆಯುತ್ತಿದೆಯೆಂದು
ಎರಡು ಹೆಜ್ಜೆ ಎಡಕ್ಕೆ ಸರಿದೆ.

ಸರಿದಾಗಲೇ ನಾನು ಅವನಿಗೆ ಕಂಡದ್ದು.
ಇಸ್ತ್ರಿ ಅಂಗಿ, ಹೆಗಲಲ್ಲಿ ಚರ್ಮದ ಬ್ಯಾಗು,
ಸರ್ಕಾರದವನು ಅಂದುಕೊಂಡಿರಬೇಕು.
"ಸಾರ್" ಅಂದ. ಕೈ ಚಾಚಿದ.
ಮಾರನೇ ದಿನ ಪೇಪರಿನಲ್ಲಿ ಆ ಕೈಯ ಕೆಳಗೆ
ಅಚ್ಚಾದದ್ದು: ಆಕಾಶಕ್ಕೆ ಮೊರೆ.
ಆಕಾಶಕ್ಕಲ್ಲ.

ಗುಂಡುಕಲ್ಲು ಎತ್ತಿದ್ದ ಹುಡುಗ, ಹದಿನೇಳಿದ್ದೀತು,
ಮೀಸೆ ಇನ್ನೂ ಬರೀ ನೆರಳು.
ಪಕ್ಕದವನು ಅಂದ: "ತಾಳ್ಲಾ, ಪೋಟ ಹಿಡೀತಾವ್ರೆ."
ತಾಳಿದ. ನನ್ನ ಕಡೆಗೆ ತಿರುಗಿದ.
ತಾಳಿದಷ್ಟು ಹೊತ್ತೂ ಕಲ್ಲು ಅವನ ಕೈಯಲ್ಲೇ ಇತ್ತು.
ಬೇಡ ಕಣೋ ಅನ್ನಲು ಎಷ್ಟು ಬೇಕು,
ಎರಡು ಮಾತು, ಅರ್ಧ ಉಸಿರು.
ನಾನು ಫೋಕಸ್ಸು ಸರಿಮಾಡಿದೆ.

ಕಲ್ಲು ಬಿದ್ದ ಮೇಲೆ ಕೇಳಿದ:
"ಬಂತಾಣ್ಣ?"
ಹ್ಞೂಂ ಅಂದೆ.

"ನೀನು ನಡುವೆ ನುಗ್ಗಿದ್ದರೆ ಇಬ್ಬರು ಬೀಳುತ್ತಿದ್ದಿರಿ,
ಚಿತ್ರ ಒಂದೂ ಇರುತ್ತಿರಲಿಲ್ಲ" ಅಂದರು
ಸುದ್ದಿಮನೆಯ ಗುರುಮಲ್ಲಪ್ಪನವರು, ಕಾಫಿ ತರಿಸಿ.
ನಿಜ. ಈ ನಿಜವನ್ನು ಜಗಿದು ಜಗಿದು
ಈಗದು ಕಬ್ಬಿನ ಹಿಪ್ಪೆ.

ಪೊಲೀಸರು ನೆಗೆಟಿವ್ ಕೇಳಿದರು. ಹತ್ತು ಕೊಟ್ಟೆ.
ಹುಡುಗನ ಮುಖವಿದ್ದ ಒಂದನ್ನು ಕತ್ತರಿಸಿ ಇಟ್ಟುಕೊಂಡೆ.
ಅವನ ಮೇಲಿನ ಕರುಣೆ ಅಂತ ಹೆಂಡತಿ ತಿಳಿದಿದ್ದಾಳೆ.
ಅದರಲ್ಲಿ ಅವನು ನೋಡುತ್ತಿರುವುದು ನನ್ನನ್ನು.

ಮೂರು ತಿಂಗಳು ಕಳೆದು ಡ್ರೈವರಿನ ಭಾವಮೈದುನ ಬಂದ.
ವಿಮೆಗೆ ನಂಬರ್ ಪ್ಲೇಟು ಕಾಣುವ ಚಿತ್ರ ಬೇಕಂತೆ.
ಎಡಗಣ್ಣು ಹೋಯಿತು, ಜೀವ ಇದೆ, ಅಂದ ಮುರುಕು ಕನ್ನಡದಲ್ಲಿ.
ಪಳನಿವೇಲು ಅನ್ನುವ ಹೆಸರು ನನಗೆ ಆಗಲೇ ಗೊತ್ತಾದದ್ದು.
ಮೂರು ಪ್ರತಿಗೆ ಹದಿನೈದು ರೂಪಾಯಿ.
ತಗೊಂಡೆ. ರಶೀದಿಯನ್ನೂ ಬರೆದೆ.
ಹೊಸಿಲ ಹತ್ತಿರ ನಿಂತು ಕೇಳಿದ:
"ಅಲ್ಲಿ ಒಬ್ಬರು ಸಾರ್ ಇದ್ದರಂತೆ, ಬ್ಯಾಗು ಹಾಕಿದವರು.
ಮಾಮ ದಿನಾ ಕೇಳ್ತಾರೆ. ನಿಮಗೆ ಗೊತ್ತಾ ಅವರು?"
ಚಿತ್ರದಡಿ ನನ್ನ ಹೆಸರಿರಲಿಲ್ಲ,
ನಮ್ಮ ಛಾಯಾಗ್ರಾಹಕರಿಂದ, ಅಷ್ಟೆ.
ಗೊತ್ತಿಲ್ಲ ಅಂದೆ.
ಬ್ಯಾಗು ಅಲ್ಲೇ ಗೂಟದಲ್ಲಿ ನೇತಾಡುತ್ತಿತ್ತು.

ಈಗ ಗುತ್ತಲು ರಸ್ತೆಯಲ್ಲಿ ಸ್ಟುಡಿಯೋ, ಪಾಸ್‌ಪೋರ್ಟ್ ಸೈಜು.
ಸ್ಟೂಲಿನ ಮೇಲೆ ಮಕ್ಕಳು ಮಿಸುಕುತ್ತವೆ.
ಬೇಡ ಕಣೋ, ಅಲ್ಲಾಡಬೇಡ ಅನ್ನುತ್ತೇನೆ.
ಎಷ್ಟು ಸಲೀಸಾಗಿ ಬರುತ್ತದೆ ಮಾತು.

ವರ್ಷಕ್ಕೊಮ್ಮೆ ಡಬ್ಬಿ ತೆಗೆದು
ಆ ಒಂದು ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತೇನೆ.
ನೆಗೆಟಿವಿನಲ್ಲಿ ಹುಡುಗನ ತಲೆ ಪೂರಾ ನರೆತಿದೆ, ಹಲ್ಲು ಕಪ್ಪು.
ಎತ್ತಿದ ಕೈಯಲ್ಲಿ ಕಲ್ಲು
ಮೊಟ್ಟೆಯಷ್ಟು ಬೆಳ್ಳಗಿದೆ.
ಇನ್ನೂ ಒಗೆದಿಲ್ಲ.
ತಾಳಿದ್ದಾನೆ.